ಅಂಕಣದ ಹೊರಗಿನವಳು

ಕಬಡ್ಡಿ ಲೀಗಿನ ಮುಖ್ಯಸ್ಥರ ಹುದ್ದೆಗೆ ಆಕೆ ಕೊನೆಯ ಅಭ್ಯರ್ಥಿ. ಮೇಜಿನ ಆಚೆ ಮೂವರು ಮಾಜಿ ಆಟಗಾರರು. ಮೂವರ ಮುಖದಲ್ಲೂ ಆಗಲೇ ಬೇರೆ ಯಾರನ್ನೋ ಆರಿಸಿಬಿಟ್ಟ ನೆಮ್ಮದಿ. ಹೊಸ್ತಿಲಲ್ಲಿ ನಿಂತವಳಿಗೆ ಕೂತ್ಕೊಳ್ಳಿ ಎಂದೂ ಹೇಳಲಿಲ್ಲ.

"ನೀವು ಆಡಿದವರಲ್ಲ," ಎಂದರು ನಡುವೆ ಕೂತಿದ್ದ ಆಯ್ಕೆ ಸಮಿತಿಯ ಅಧ್ಯಕ್ಷರು. "ಒಂದ್ಸಲನಾದ್ರೂ ಒಂದೇ ಉಸಿರಲ್ಲಿ ಎದುರಾಳಿ ಅಂಕಣಕ್ಕೆ ನುಗ್ಗಿ, ಮುಟ್ಟಿ, ವಾಪಸ್ ಬಂದಿದ್ದೀರಾ?"

"ಇಲ್ಲ ಸಾರ್."

"ಮತ್ತೆ ಇಲ್ಲಿತನಕ ಹೇಗೆ ಬಂದ್ರಿ? ಹೇಳಿ, ಕೇಳೋಣ."

ಆಕೆ ಎದೆ ತುಂಬ ಉಸಿರೆಳೆದುಕೊಂಡು ಒಳಗೆ ಕಾಲಿಟ್ಟಳು.

"ಮಂಡ್ಯದಲ್ಲಿ ಗೇಟಲ್ಲಿ ನಿಂತು ಟಿಕೆಟ್ ಹರೀತಿದ್ದೆ ಸಾರ್ ಒಂದಿನ ಸ್ಕೋರ್ ಕೂಗೋನು ಬರಲಿಲ್ಲ ಮೈಕ್ ನನ್ನ ಕೈಗೆ ಬಂತು ನನ್ನ ಗಂಟಲು ಕೇಳಿ ಟಿವಿಯವರು ಕರೆದ್ರು ಅಲ್ಲಿ ಜಾಹೀರಾತು ಮಾರೋದು ಕಲಿತೆ ಆಮೇಲೆ ಯಾರಿಗೂ ಬೇಡವಾದ ತಂಡಕ್ಕೆ ಮ್ಯಾನೇಜರ್ ಆದೆ ಅದನ್ನ ಫೈನಲ್‌ಗೆ ತಂದೆ..."

ಮಾತು ನಿಲ್ಲಿಸದೆ ಮೇಜು ಸುತ್ತಿ ಬಂದು ಒಬ್ಬೊಬ್ಬರ ಕೈಯನ್ನೂ ಕುಲುಕಿದಳು. ಮೂವರಿಗೂ ನಗು ತಡೆಯಲಾಗಲಿಲ್ಲ.

"ಅಮ್ಮಾ, ಉಸಿರಾದ್ರೂ ತಗೊಳ್ಳಿ!" ಎಂದ ಅಧ್ಯಕ್ಷರು ಹಿಡಿದ ಕೈ ಬಿಡಲಿಲ್ಲ. ಆಕೆ ತಲೆಯಾಡಿಸಿದಳು, ಕೊಸರಿಕೊಂಡಳು, ಮಾತಾಡುತ್ತಲೇ ಬಾಗಿಲತ್ತ ಓಡಿದಳು. ಕಾಲು ಹೊಸ್ತಿಲಿಗೆ ತಾಗಿದ ಮೇಲೆಯೇ ಮತ್ತೆ ಉಸಿರೆಳೆದುಕೊಂಡಳು.

"ಮೂವರೂ ಔಟ್ ಸಾರ್. ಕುರ್ಚಿ ಬಿಟ್ಟು ಹೊರಗೆ ಬನ್ನಿ."