ನಾಳೆನೇ ಬನ್ನಿ

ಕುರ್ಚಿಯಲ್ಲಿ ಕೂತ ಕೂಡಲೇ ಮೇಡಂಗೆ ಗೊತ್ತಾಗಿಹೋಯಿತು, ತಾನಿಲ್ಲದಾಗ ಇಲ್ಲಿ ಯಾರೋ ಕೂತೆದ್ದಿದ್ದಾರೆ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಸಿದ್ಧ ಉಡುಪಿನ ಆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಅಷ್ಟುದ್ದ ಕಾಲಿನವನು ಒಬ್ಬನೇ, ಯಜಮಾನರ ಭಾಮೈದ, ಸ್ಯಾಂಪಲ್ ವಿಭಾಗ ನೋಡಿಕೊಳ್ಳುವವನು. ಅವನು ಗೋಡೆ ಪಕ್ಕದ ಮೇಜಿನಲ್ಲಿ ಏನೂ ಅರಿಯದವನಂತೆ ಟಕಟಕ ಕುಟ್ಟುತ್ತಿದ್ದ.

ಕೋಣೆಯ ಉಸ್ತುವಾರಿ ಮೇಡಂದು. ಈಗ ತುಂಬು ಬಸುರಿ, ಊದಿದ ಪಾದ, ಮುಂದಿನ ವಾರದಿಂದ ಹೆರಿಗೆ ರಜೆ. ರಜೆಗೆ ಹೊರಡುವ ಮೊದಲೇ ಕುರ್ಚಿಯ ಅಳತೆ ನೋಡಿಕೊಂಡು ಹೋಗಿದ್ದಾನಲ್ಲ ಪುಣ್ಯಾತ್ಮ! ಅವಳಿಗೆ ಸಿಟ್ಟು ನೆತ್ತಿಗೇರಿತು. ಕುರ್ಚಿ ಇಳಿಸೋಣವೆಂದು ಅಡಿಯ ಹಿಡಿಗೆ ಕೈ ಹಾಕುವಷ್ಟರಲ್ಲಿ ಯಜಮಾನರು ಒಳಗೆ ಬಂದರು, ಅವರ ಬೆನ್ನಿಗೇ ಬೆಣ್ಣೆ.

ಬೆಣ್ಣೆ ಎಂದರೆ ಬಟ್ಟೆಯ ಅಳತೆ ಬಿಡಿಸಿಕೊಡುವ ಸಾಫ್ಟ್‌ವೇರ್ ಮಾರಿದ ಕಂಪನಿಯವನು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆಂದು ಇಲ್ಲಿನವರು ಇಟ್ಟ ಹೆಸರು. ಕೊಂಡ ಲೈಸೆನ್ಸ್ ಎಷ್ಟು, ನಿಜವಾಗಿ ಎಷ್ಟು ಕಂಪ್ಯೂಟರಿನಲ್ಲಿ ಓಡುತ್ತಿದೆ ಎಂದು ಆಡಿಟ್ ಮಾಡಲು ಮುಂದಿನ ತಿಂಗಳ ಮೊದಲ ಸೋಮವಾರ ಬರುತ್ತೇವೆಂದು ಬರೆದಿದ್ದ. ‘ಒಂದು ದಿನವೂ ಮುಂದೂಡಲಾಗದು’ ಎಂಬ ಸಾಲಿನ ಕೆಳಗೆ ಗೆರೆ ಬೇರೆ. ಆ ಹೊತ್ತಿಗೆ ಮೇಡಂ ಆಸ್ಪತ್ರೆಯಲ್ಲಿರುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತು. ಹೋದ ಸಲ ಹಲ್ಲು ಕಿರಿದು, ದಿನ ಯಾವಾಗ ಎಂದು ಕೇಳಿ, ಶುಭ ಹಾರೈಸಿ ಹೋದವನು ಅವನೇ ತಾನೆ!

ಅವನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಭಾಮೈದ ತನ್ನ ವಿಭಾಗದ ಕಂಪ್ಯೂಟರುಗಳಿಗೆಲ್ಲ ಅದೇ ಸಾಫ್ಟ್‌ವೇರನ್ನು ಲೈಸೆನ್ಸ್ ಇಲ್ಲದೆ ಹಾಕಿಕೊಂಡಿದ್ದ. ತಪ್ಪು ಸರ್, ಕೊಂಡುಕೊಳ್ಳೋಣ ಎಂದು ಮೇಡಂ ಹೇಳಿದಾಗಲೆಲ್ಲ ಯಜಮಾನರದು ಒಂದೇ ಮಂತ್ರ, “ನೋಡೋಣಮ್ಮ.” ಈಗ ತಾನಿಲ್ಲದಾಗ ಎಣಿಕೆ ನಡೆದರೆ ತಪ್ಪೆಲ್ಲ ತನ್ನ ತಲೆಗೆ, ಕುರ್ಚಿ ಭಾಮೈದನಿಗೆ. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ!

“ಮುಂದಕ್ಕೆ ಹಾಕಿ ಅಂತ ಮಾತ್ರ ಕೇಳ್ಬೇಡಿ ಮೇಡಂ,” ಕೂರುವ ಮೊದಲೇ ಬೆಣ್ಣೆ ಶುರು ಮಾಡಿದ. “ಅದು ನಮ್ಮ ಕೈಲಿಲ್ಲ.”

“ಮುಂದಕ್ಕೆ ಯಾಕೆ? ನಾಳೆನೇ ಬನ್ನಿ.”

ಬೆಣ್ಣೆಯ ನಗು ಅರ್ಧಕ್ಕೇ ನಿಂತಿತು. ಯಜಮಾನರಿಗೆ ಕೆಮ್ಮು ಬಂತು. ಗೋಡೆ ಪಕ್ಕದ ಟಕಟಕವೂ ನಿಂತುಹೋಯಿತು.

“ನಾಳೆನಾ?”

“ಹೂಂ, ಬೆಳಗ್ಗೆನೇ. ಒಂದು ದಿನವೂ ತಡ ಆಗ್ಬಾರ್ದು ಅಂತ ನೀವೇ ಗೆರೆ ಎಳೆದಿದ್ದೀರಲ್ಲ, ನನಗೂ ಹಾಗೇ ಅನಿಸ್ತು. ಒಂದೊಂದೂ ಕಂಪ್ಯೂಟರ್ ತೆರೆದು ತೋರಿಸ್ತೀನಿ.”

“ಅದೂ... ನಮ್ಮ ಆಡಿಟ್‌ನವರು ಬೇರೆ ಊರಲ್ಲಿದ್ದಾರೆ ಮೇಡಂ. ಈ ತಿಂಗಳು ಅವರಿಗೆ ಬಿಡುವಿಲ್ಲ.”

“ಹಾಗಾದ್ರೆ ಕರಾರು ತೆಗೆದು ನೋಡಿ. ಉಸ್ತುವಾರಿ ಇರೋರ ಎದುರಿಗೇ ಎಣಿಸ್ಬೇಕು ಅಂತ ಬರೆಸಿದೋರು ನೀವೇ. ಆ ಸೋಮವಾರ ಉಸ್ತುವಾರಿ ಹೆರಿಗೆ ವಾರ್ಡಲ್ಲಿರ್ತಾಳೆ. ಅಲ್ಲಿಗೇ ಬರ್ತೀರಾ?”

ಬೆಣ್ಣೆ ಸಾವರಿಸಿಕೊಂಡ. “ಅಷ್ಟೊತ್ತಿಗೆ ಉಸ್ತುವಾರಿ ಬದಲಾಗಿರುತ್ತೆ ಅಂತ ಯಜಮಾನರು ಹೇಳಿದ್ರಲ್ಲ,” ಎಂದು ಭಾಮೈದನ ಕಡೆ ಕೈ ತೋರಿಸಿದ.

ಯಜಮಾನರು ಸೂರು ನೋಡತೊಡಗಿದರು. ಇಷ್ಟು ವರ್ಷ ದುಡಿದದ್ದಕ್ಕೆ ಇದಾ ಉಡುಗೊರೆ? ಇರಲಿ, ಅಳುವುದಕ್ಕೆ ಮನೆಯಿದೆ. ಮೇಡಂ ಮೇಜು ಹಿಡಿದು ಎದ್ದು ಭಾಮೈದನ ಕಡೆ ತಿರುಗಿದಳು.

“ಓ, ಹಾಗಾ! ಸಂತೋಷ. ಹಾಗಾದ್ರೆ ಮುಂದಿನ ತಿಂಗಳವರೆಗೂ ಕಾಯೋದ್ಯಾಕೆ? ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಕುರ್ಚಿ ಎತ್ತರಾನೂ ನಿಮಗೆ ಸರಿಯಾಗೇ ಇದೆ. ಯಾವ್ಯಾವ ಕಂಪ್ಯೂಟರಲ್ಲಿ ಈ ಸಾಫ್ಟ್‌ವೇರ್ ಓಡ್ತಿದೆ ಅಂತ ಇವರಿಗೆ ಈಗಲೇ ಹೇಳಿಬಿಡಿ. ನಿಮ್ಮ ವಿಭಾಗದಿಂದಲೇ ಶುರು ಮಾಡಿ.”

ಭಾಮೈದ ಎದ್ದ, ಕೂತ, ಮತ್ತೆ ಎದ್ದ. ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಅವನ ಮೇಲೆ ಹಾರಿಬಿದ್ದರು. “ಏಯ್, ಸುಮ್ನಿರೋ! ಅವನಿಗೇನು ಗೊತ್ತು, ಮಣ್ಣು! ಉಸ್ತುವಾರಿ ಮೇಡಂದೇ. ಯಾವತ್ತಿದ್ರೂ ಮೇಡಂದೇ!”

“ರಜೆ ಮುಗಿಸಿ ಬಂದ ಮೇಲೂ?”

“ಬಂದ ಮೇಲೂ ಕಣಮ್ಮ!”

ಬೆಣ್ಣೆಯ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ನಾಳೆ ಅವನ ಕೈಲಾಗದು, ಸೋಮವಾರ ಕರಾರು ಬಿಡದು. ಅಲ್ಲದೆ ನಾಳೆಯೇ ಬಾ ಎಂದು ಕರೆಯುವವಳ ಹತ್ತಿರ ಸಿಕ್ಕಿಬೀಳುವಂಥದ್ದಾದರೂ ಏನಿರುತ್ತದೆ? “ಸರಿ ಬಿಡಿ, ನೀವು ರಜೆ ಮುಗಿಸಿ ಬಂದ ಮೇಲೇ ಇಟ್ಕೊಳ್ಳೋಣ,” ಎಂದ.

“ಅಯ್ಯೋ, ಅಷ್ಟು ತಡ ಆದ್ರೆ ನಿಮಗೆ ತೊಂದರೆ ಆಗಲ್ವಾ?”

“ಪರವಾಗಿಲ್ಲ ಮೇಡಂ.”

“ಹಾಗಾದ್ರೆ ಈಗಲೇ ಒಂದು ಮೇಲ್ ಹಾಕಿಬಿಡಿ. ನಾನು ವಾಪಸ್ ಬಂದ ಮೇಲೆ, ನನ್ನ ಎದುರಿಗೇ ಅಂತ ಇರಲಿ.”

ಅವನು ನಿಂತ ಕಾಲಲ್ಲೇ ಮೊಬೈಲಿನಲ್ಲಿ ಕುಟ್ಟಿ ಕಳಿಸಿ ಹೊರಟ. ಅವನು ಗೇಟು ದಾಟುವವರೆಗೂ ಯಜಮಾನರು ಕಿಟಕಿ ಬಿಟ್ಟು ಕದಲಲಿಲ್ಲ. ಆಮೇಲೆ ಕರವಸ್ತ್ರದಿಂದ ಕತ್ತು ಒರೆಸಿಕೊಂಡು, “ಇವನ ಕಂಪ್ಯೂಟರಿಗೆಲ್ಲ ಇವತ್ತೇ ಲೈಸೆನ್ಸ್ ತರಿಸಿಬಿಡಮ್ಮ, ಸಹಿ ಹಾಕ್ತೀನಿ,” ಎಂದವರು ದನಿ ತಗ್ಗಿಸಿದರು. “ಅಲ್ಲಾ, ಆ ಮನುಷ್ಯ ನಾಳೆನೇ ಬರ್ತೀನಿ ಅಂದುಬಿಟ್ಟಿದ್ರೆ?”

ಮೇಡಂ ಕುರ್ಚಿಯಲ್ಲಿ ಕೂತು ಅಡಿಯ ಹಿಡಿ ಎಳೆದಳು. ಅದು ಉಸ್ಸೆಂದು ಇಳಿಯಿತು. ಊದಿದ ಪಾದಗಳೆರಡೂ ನೆಲಕ್ಕೆ ತಾಗಿದವು.

“ಇನ್ನೇನು ಸರ್, ಅಲ್ಲೇ ಅವರ ಎದುರಿಗೇ ನನಗೆ ನೋವು ಶುರುವಾಗ್ತಿತ್ತು.”