ಸಿಹಿನೀರಿನ ಜಾಗ

ದ್ವೀಪದ ಮೇಲಿನ ಆ ಪಟ್ಟಣದಲ್ಲಿ ಒಂದು ಬಾವಿಯೂ ಇರಲಿಲ್ಲ. ಕುಡಿಯುವ ನೀರು ಬರುತ್ತಿದ್ದುದು ಸಮುದ್ರದ ತಳದಲ್ಲಿದ್ದ ಒಂದೇ ಒಂದು ಸಿಹಿ ಒರತೆಯಿಂದ. ಮುಳುಗುಗಾರನೊಬ್ಬ ದಿನವೂ ಕೆಳಗಿಳಿದು ಅದರ ಮೇಲೆ ಸೀಸದ ಗಂಟೆಯನ್ನು ಬೋರಲು ಹಾಕುತ್ತಿದ್ದ. ಗಂಟೆಗೆ ಕಟ್ಟಿದ ತೊಗಲಿನ ಕೊಳವೆಯಲ್ಲಿ ನೀರು ದೋಣಿಗೆ ಏರುತ್ತಿತ್ತು. ಹುಟ್ಟು ಹಾಕುತ್ತಿದ್ದವಳು ಅವನ ಹೆಂಡತಿ. ಅವನನ್ನು ಕಂಡರೆ ಊರೇ ಎದ್ದು ನಿಲ್ಲುತ್ತಿತ್ತು.

ಪಟ್ಟಣ ಪೂರ್ವದ ಚಕ್ರವರ್ತಿಗೆ ಕಪ್ಪ ಕೊಟ್ಟ ಸುದ್ದಿ ಪಶ್ಚಿಮದ ಚಕ್ರವರ್ತಿಗೆ ಮುಟ್ಟಿತು. ಅವನ ಹಡಗುಗಳು ಬಂದು ಸುತ್ತುವರಿದವು.

"ನಿಮ್ಮ ಜೀವ ಇರೋದೇ ನೀರು ತರೋ ಮನೇಲಂತೆ," ಎಂದ ದಂಡನಾಯಕ. "ಅಲ್ಲಿಂದ ಒಬ್ಬರನ್ನ ಒತ್ತೆ ಕೊಡಿ. ಇಲ್ಲ ಅಂದ್ರೆ ಊರು ಸುಡ್ತೀವಿ."

ಒತ್ತೆ ಹೋದವರು ಯಾರೂ ಅದುವರೆಗೆ ತಿರುಗಿ ಬಂದಿರಲಿಲ್ಲ. ಹಿರಿಯರು ಗಂಡ ಹೆಂಡತಿಯನ್ನು ಕರೆಸಿದರು.

"ಒರತೆ ಇರೋ ಜಾಗ ಯಾರಿಗೆ ಗೊತ್ತೋ ಅವರು ಇಲ್ಲೇ ಇರ್ಲಿ."

"ನಂಗೆ ಗೊತ್ತು ಒಡೆಯಾ," ಎಂದ ಗಂಡ, ತಡಮಾಡದೆ.

"ಇವಳಿಗೆ?"

"ಇವಳಿಗೇನು ಗೊತ್ತು? ಹುಟ್ಟು ಹಾಕ್ತಾಳೆ, ಅಷ್ಟೆ."

ಅವಳು ಗಂಡನ ಮುಖ ನೋಡಿದಳು. "ಹೌದು ಒಡೆಯಾ. ಹುಟ್ಟು ಹಾಕ್ತೀನಿ, ಅಷ್ಟೆ."

ಮಧ್ಯಾಹ್ನಕ್ಕೆಲ್ಲ ಹಡಗುಗಳು ಅವಳನ್ನು ಹತ್ತಿಸಿಕೊಂಡು ಹೊರಟುಹೋದವು.

ಮರುದಿನ ಹೊಸ ಅಂಬಿಗ ದೋಣಿಯನ್ನು ನಡುನೀರಿಗೆ ತಂದ. ನಾಲ್ಕು ದಿಕ್ಕಿಗೂ ನೀರು ಒಂದೇ ಬಣ್ಣಕ್ಕಿತ್ತು. ದಡದಲ್ಲಿ ಜನ ಖಾಲಿ ಕೊಡ ಹಿಡಿದು ಕಾಯುತ್ತಿದ್ದರು.

"ಎಲ್ಲಿ ನಿಲ್ಲಿಸ್ಲಿ, ಅಣ್ಣ?"

ಮುಳುಗುಗಾರ ಎತ್ತಿಕೊಂಡಿದ್ದ ಗಂಟೆಯನ್ನು ಮತ್ತೆ ದೋಣಿಯೊಳಗೆ ಇಟ್ಟ.

"ಅವಳು ನಿಲ್ಲಿಸಿದ ಕಡೆ ನಾನು ಮುಳುಗ್ತಿದ್ದೆ, ಅಷ್ಟೆ."