ಎರಡನೆಯ ಕ್ಲಬ್ಬು

ಚರ್ಚಿನ ಹಿಂಭಾಗದಲ್ಲಿ ಕಾರು ನಿಲ್ಲಿಸಿ ಮಾರ್ಲಿಸ್ ಕೀಲಿ ತೆಗೆದಳು, ಕೈಚೀಲ ಹೆಗಲಿಗೇರಿಸಿದಳು. ಪಕ್ಕದಲ್ಲಿ ಕೂತ ಗಂಡ ವರ್ನ್ ಲಿಂಡ್‌ಕ್ವಿಸ್ಟ್ ಸೀಟ್ ಬೆಲ್ಟನ್ನೇ ಬಿಚ್ಚಿರಲಿಲ್ಲ.

“ಇದೇ ಕೊನೆ ಮಾರ್ಲಿಸ್. ಇಲ್ಲೂ ಆಗ್ಲಿಲ್ಲ ಅಂದ್ರೆ ಮತ್ತೆ ನನ್ನನ್ನ ಎಲ್ಲಿಗೂ ಎಳೀಬೇಡ.”

“ಆಯ್ತಪ್ಪ. ಒಂದು ಕಪ್ ಕಾಫಿ ಕುಡಿದು ಬರೋಣ. ಕಾಫಿ ಕುಡಿದೋರ್ನೆಲ್ಲ ಮೆಂಬರ್ ಮಾಡ್ಕೊಳ್ಳಲ್ಲ ಅವರು.”

ಮಾತನ್ನು ಹಗುರವಾಗಿ ಆಡಿದಳೇ ಹೊರತು ಅವಳಿಗೂ ಉಳಿದಿದ್ದ ಕೊನೆಯ ಆಸೆ ಇದೇ. ವರ್ನ್ ಆಯುಷ್ಯವೆಲ್ಲ ಗೂಡ್ಸ್ ರೈಲು ಓಡಿಸಿದವನು. ಹೋದ ವರ್ಷ ಜೋಳದ ಹೊಲಗಳ ನಡುವಿನ ಲೆವೆಲ್ ಕ್ರಾಸಿಂಗಿನಲ್ಲಿ ಒಂದು ಕಾರು ಹಳಿಯ ಮೇಲೆ ಕೆಟ್ಟು ನಿಂತಿತ್ತು. ಅವನು ದೂರದಿಂದಲೇ ಕಂಡ, ಬ್ರೇಕ್ ಹಾಕಿದ. ರೈಲು ನಿಂತದ್ದು ಕಾರನ್ನು ದಾಟಿ ಅರ್ಧ ಮೈಲಿ ಆಚೆ. ಕಾರಿನೊಳಗಿದ್ದವಳು ಉಳಿಯಲಿಲ್ಲ. ತಪ್ಪು ನಿನ್ನದಲ್ಲ ಎಂದು ಎಲ್ಲರೂ ಹೇಳಿದರು, ಕಂಪನಿಯೂ ಹೇಳಿತು. ಅಂದಿನಿಂದ ಅವನು ಅಡುಗೆಮನೆಯ ಕುರ್ಚಿ ಬಿಟ್ಟು ಏಳುವುದೇ ಅಪರೂಪ. ಇಲಿನಾಯ್‌ನ ಈ ಊರಿನಲ್ಲಿ ರೈಲಿನ ಸಿಳ್ಳೆ ಕೇಳದ ಗಂಟೆಯಿಲ್ಲ. ಕೇಳಿದಾಗಲೆಲ್ಲ ಮೇಜಿನ ಅಂಚು ಹಿಡಿದುಕೊಳ್ಳುತ್ತಿದ್ದ.

ನಾಲ್ಕು ಜನರ ನಡುವೆ ಬಿಡಿ ಎಂದರು ಡಾಕ್ಟರು. ರೈಲು ಬಿಟ್ಟರೆ ಬೇರೆ ಮಾತು ಬಾರದ ಮನುಷ್ಯನನ್ನು ಯಾವ ನಾಲ್ಕು ಜನರ ನಡುವೆ ಬಿಡುವುದು? ಊರಿನಲ್ಲಿ ಮೇಜಿನ ಮೇಲೆ ಪುಟಾಣಿ ರೈಲು ಓಡಿಸುವವರ ಕ್ಲಬ್ಬುಗಳು ಎರಡಿದ್ದವು. “ಹಾವು ಕಚ್ಚಿದವನಿಗೆ ಹಗ್ಗ ತೋರಿಸ್ತೀಯಲ್ಲೇ,” ಎಂದಳು ತಂಗಿ. “ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು,” ಎಂದಿದ್ದಳು ಮಾರ್ಲಿಸ್. ಹೇಳುವುದು ಸುಲಭ.

ಹಿಂದಿನ ಶನಿವಾರ ಮೊದಲನೆಯ ಕ್ಲಬ್ಬಿಗೆ ಹೋಗಿದ್ದರು. ಅದು ದೊಡ್ಡವರ ಕ್ಲಬ್ಬು. ಟೈಮ್ ಟೇಬಲ್, ಸಿಗ್ನಲ್, ವಾಕಿಟಾಕಿಯಲ್ಲಿ ಆಜ್ಞೆ ಕೊಡುವ ಕಂಟ್ರೋಲರ್, ಎಲ್ಲ ಉಂಟು. ಅಧ್ಯಕ್ಷ ಪ್ರುಯಿಟ್ ನಿವೃತ್ತ ಹಲ್ಲಿನ ಡಾಕ್ಟರು. ಅಸಲಿ ಡ್ರೈವರೊಬ್ಬ ಸಿಕ್ಕನೆಂದು ಹಿರಿಹಿರಿ ಹಿಗ್ಗಿದ. “ನಮ್ದು ಮಕ್ಕಳಾಟ ಅಲ್ಲ ಲಿಂಡ್‌ಕ್ವಿಸ್ಟ್ ಅವರೇ. ಭಾರ, ವೇಗ ಎಲ್ಲ ಲೆಕ್ಕ ಹಾಕಿ ಕೂರಿಸಿದೀವಿ. ಬ್ರೇಕ್ ಹಾಕಿದ್ರೂ ನಿಮ್ಮ ನಿಜವಾದ ರೈಲಿನ ಥರಾನೇ ಮುಂದೆ ಹೋಗ್ತಾನೇ ಇರುತ್ತೆ. ನೋಡಿ ಬೇಕಾದ್ರೆ,” ಎಂದು ರಿಮೋಟನ್ನು ಅವನ ಕೈಗಿಟ್ಟ.

ವರ್ನ್ ನೋಡಿದ. ಬ್ರೇಕ್ ಹಾಕಿದ ಮೇಲೂ ರೈಲು ಹೋಗುತ್ತಲೇ ಇತ್ತು. ರಿಮೋಟನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದವನು ಮಾರ್ಲಿಸ್‌ಗೆ ಸಿಕ್ಕಿದ್ದು ಪಾರ್ಕಿಂಗಿನಲ್ಲಿ. ಆ ಚಳಿಯಲ್ಲೂ ಅಂಗಿ ಒದ್ದೆ. ಪ್ರುಯಿಟ್‌ನನ್ನು ಬೈದು ಪ್ರಯೋಜನವಿಲ್ಲ, ಪಾಪ, ಅವನಿಗೇನು ಗೊತ್ತು. ಅವನು ಇನ್ನೂ ದಿನಾ ಫೋನ್ ಮಾಡುತ್ತಿದ್ದಾನೆ. ಕ್ಲಬ್ಬಿನಲ್ಲಿ ಒಂದೇ ಜಾಗ ಖಾಲಿ ಇದೆಯಂತೆ.

ಚರ್ಚಿನ ನೆಲಮಾಳಿಗೆಯಲ್ಲಿ ಎರಡನೆಯ ಕ್ಲಬ್ಬಿನ ಕೊಪೆಕಿ ಇಬ್ಬರಿಗೂ ಕಾಫಿ ಸುರಿದು, ಸಕ್ಕರೆ ಪುಡಿ ಉದುರುವ ಡೋನಟ್ಟಿನ ಡಬ್ಬಿ ಮುಂದೆ ಹಿಡಿದ. ಪ್ಲಂಬರ್ ಕೆಲಸ ಮಾಡುವ ಮನುಷ್ಯ, ಹೊಟ್ಟೆ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು.

“ಮೊದಲು ಅಲ್ಲಿಗೆ ಹೋಗಿದ್ರಂತೆ. ಅವರು ನಮ್ಮನ್ನ ಆಟಿಕೆಯೋರು ಅಂತಾರೆ. ಸುಳ್ಳೇನಲ್ಲ ಸ್ವಾಮಿ, ಟೈಮ್ ಟೇಬಲ್ಲೇ ಇಲ್ಲ ನಮ್ಮಲ್ಲಿ. ಯಾರಿಗೆ ಮನಸ್ಸು ಬಂತೋ ಅವರು ಓಡಿಸ್ತಾರೆ.”

ಮಡಚುವ ಮೇಜುಗಳ ಮೇಲೆ ಹಳಿ ಹಾಸಿತ್ತು. ಮಾರ್ಚ್ ತಿಂಗಳಾದರೂ ಒಂದು ಮೂಲೆಯಲ್ಲಿ ಕ್ರಿಸ್‌ಮಸ್ ಊರು ಹಾಗೇ ಉಳಿದಿತ್ತು. ಅದರಾಚೆಯ ಕ್ರಾಸಿಂಗ್ ಮೇಲೆ ಕಣ್ಣು ಬಿದ್ದದ್ದೇ ಮಾರ್ಲಿಸ್ ಕೈಯ ಕಪ್ಪನ್ನು ಕೆಳಗಿಟ್ಟಳು. ಯಾರೋ ಒಂದು ಹಸಿರು ಆಟದ ಕಾರನ್ನು ಹಳಿಯ ಮೇಲೆ ಅಡ್ಡ ಇಟ್ಟಿದ್ದರು. ಅಷ್ಟರಲ್ಲಿ ಕೊಪೆಕಿ ರೈಲು ಓಡಿಸುವ, ತಿರುಗಿಸುವ ಗುಂಡಿಯಿದ್ದ ಪೆಟ್ಟಿಗೆಯನ್ನು ವರ್ನ್‌ನ ಕೈಗೆ ಕೊಟ್ಟಾಗಿತ್ತು. ಕೆಂಪು ಎಂಜಿನ್ನು ಹೊರಟೂ ಆಗಿತ್ತು.

“ಆ ಕಾರು ತೆಗೀರಿ,” ಎಂದಳು ಮಾರ್ಲಿಸ್.

“ಅದಾ? ನೋಡೋಕೆ ಬರೋ ಮಕ್ಕಳು ನಗ್ಲಿ ಅಂತ ಇಟ್ಟಿದ್ದು,” ಎನ್ನುತ್ತ ಕೊಪೆಕಿ ಕೈಚಾಚಿದ.

“ಇರ್ಲಿ,” ಎಂದ ವರ್ನ್.

ಅವನ ಹಣೆಯಲ್ಲಿ ಬೆವರೊಡೆದಿತ್ತು. ಕಾರನ್ನೇ ನೋಡುತ್ತಿದ್ದ. ಇಲ್ಲಿಂದಲೂ ಎದ್ದು ಹೋದರೆ ಮತ್ತೆ ಆ ಕುರ್ಚಿಯೇ ಗತಿ ಎಂದು ಮಾರ್ಲಿಸ್‌ಗೆ ಅಳು ಒತ್ತರಿಸಿ ಬಂತು. ಎಂಜಿನ್ನು ಕ್ರಿಸ್‌ಮಸ್ ಊರನ್ನು ಸುತ್ತಿ ಕ್ರಾಸಿಂಗಿನ ಕಡೆ ತಿರುಗಿತು. ವರ್ನ್ ಗುಂಡಿ ತಿರುಗಿಸಿದ. ರೈಲು ಗಕ್ಕನೆ ನಿಂತಿತು. ಹಿಂದಿನ ಡಬ್ಬಿಯೊಂದು ಹಳಿಯಿಂದ ಜಾರಿತು.

ಕೊಪೆಕಿಗೆ ನಾಚಿಕೆಯಾಯಿತು. “ಹಳೇ ಸಾಮಾನು ಸ್ವಾಮಿ. ಗುಂಡಿ ತಿರುಗಿಸಿದ್ರೆ ನಿಂತಲ್ಲೇ ನಿಂತ್ಬಿಡುತ್ತೆ. ಅಸಲಿ ರೈಲು ಓಡಿಸಿದೋರಿಗೆ ನಗು ಬರುತ್ತೆ.”

ವರ್ನ್ ನಗಲಿಲ್ಲ. ಬಗ್ಗಿ ನೋಡಿದ. ಎಂಜಿನ್ನಿಗೂ ಕಾರಿಗೂ ನಡುವೆ ನಾಲ್ಕು ಬೆರಳಿನ ಜಾಗವಿತ್ತು. ಜಾರಿದ ಡಬ್ಬಿಯನ್ನು ಹಳಿಗೇರಿಸಿ, ರೈಲನ್ನು ಹಿಂದಕ್ಕೆ ತಂದು ಮತ್ತೆ ಬಿಟ್ಟ, ಈ ಸಲ ಇನ್ನೂ ಜೋರಾಗಿ. ತಿರುಗಿಸಿದ, ನಿಂತಿತು. ಮತ್ತೆ ಹಿಂದಕ್ಕೆ ತಂದ. ಅವನ ಹಿಂದೆ ಇನ್ನೊಬ್ಬರ ಪ್ಯಾಸೆಂಜರ್ ರೈಲು ದಾರಿ ಸಿಗದೆ ಕಾದು ನಿಂತಿತ್ತು. ಕೊಪೆಕಿ ಮಾರ್ಲಿಸ್‌ಳ ಮುಖ ನೋಡಿ, ಆ ರೈಲಿನವರಿಗೆ ಕಾಯಿರಿ ಎಂದು ಕೈಸನ್ನೆ ಮಾಡಿದ.

ಎಷ್ಟೋ ಹೊತ್ತಿನ ಮೇಲೆ ವರ್ನ್ ತಲೆಯೆತ್ತದೆಯೇ ಕೇಳಿದ: “ಶನಿವಾರ ಎಷ್ಟೊತ್ತಿಗೆ ಬಾಗಿಲು ತೆಗೀತೀರಿ?”

“ಬೆಳಿಗ್ಗೆ ಒಂಬತ್ತಕ್ಕೆಲ್ಲ ತೆಗ್ದಿರ್ತೀನಿ. ಅಲ್ಲ ಸ್ವಾಮಿ, ಅವರ ಕ್ಲಬ್ ಬಿಟ್ಟು ನಿಜವಾಗ್ಲೂ ಇಲ್ಲಿಗೆ ಬರ್ತೀರಾ?”

“ಬರ್ತೀನಿ. ಆ ಕಾರನ್ನ ಮಾತ್ರ ಅಲ್ಲಿಂದ ತೆಗೀಬೇಡಿ.”